ಎಲಾ ಶೆಪರ್ಡ್ ಎಂಬಾಕೆಯ ಜೀವಚರಿತ್ರೆ

ಕಾರವಾರದಿಂದ ಅಂಕೋಲೆಗೆ ಹೋಗುವವನಿಗೆ ಬಲಗಡೆಯಲ್ಲಿ ಸಮುದ್ರವೂ ಎಡಗಡೆಯಲ್ಲಿ ಘಟ್ಟದ ಬೆಟ್ಟಗಳೂ ಕಾಣಿಸುತ್ತವೆ. ಆ ಬೆಟ್ಟಗಳ ಕಾಡುಗಳೊಳಗೆ, ಅಂಕೋಲೆ, ಯಲ್ಲಾಪುರ, ಹಳಿಯಾಳ ಮುಂತಾದ ತಾಲೂಕುಗಳ ಹಳ್ಳಿಗಳಲ್ಲಿ, ಸಿದ್ದಿಗಳೆಂಬ ಜನರು ವಾಸಿಸುತ್ತಾರೆಂಬದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಇವರ ಪೂರ್ವಿಕರು ಆಫ್ರಿಕಾ ಖಂಡದವರು. ಅವರಲ್ಲಿ ಬಹು ಮಂದಿಯನ್ನು ಪೋರ್ತುಗೀಸರು ಹಡಗುಗಳಲ್ಲಿ ಗೋವೆಗೆ ತಂದು ದಾಸರನ್ನಾಗಿ ಮಾರಿದ್ದರು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಈ ಕಾಡುಗಳಲ್ಲಿ ಆಶ್ರಯ ಕಂಡುಕೊಂಡರು. ಈಗ ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಪೂರ್ವಿಕರ ಭಾಷೆಯು ಮರೆತುಹೋಗಿ ಅವರು ಕೊಂಕಣಿಯನ್ನೂ ಕನ್ನಡವನ್ನೂ ಆಡುತ್ತಾರೆ. ಆದರೆ ಡಮಾಮಿ ಎಂಬ ವಾದ್ಯವನ್ನು ಬಾರಿಸಿ ಹಾಡಿ ಕುಣಿಯುವ ರೂಢಿಯನ್ನು ಬಿಟ್ಟಿಲ್ಲ. ದಾಸ್ಯವು ಅವರಿಂದ ಊರನ್ನೂ ನುಡಿಯನ್ನೂ ಕಸಕೊಂಡರೂ ಹಾಡನ್ನು ಕಸಕೊಳ್ಳಲಾರದೆ ಹೋಯಿತು.

ಅದೇ ಖಂಡದ ಪಡುವಣ ತೀರದಿಂದ ಬೇರೆ ಹಡಗುಗಳು ಲಕ್ಷಾಂತರ ಜನರನ್ನು ಅಮೇರಿಕಾ ದೇಶಕ್ಕೆ ಒಯ್ದವು. ಅಲ್ಲಿ ಅವರ ಸಂತತಿಯವರು ಹತ್ತಿಯ ಹೊಲಗಳಲ್ಲಿ ದುಡಿಯುತ್ತಾ ದೇವರನ್ನು ಕುರಿತು ಹಾಡಿದ ಹಾಡುಗಳು ಇಂದು ಲೋಕದ ಸಭೆಗಳಿಗೆಲ್ಲಾ ತಿಳಿದಿವೆ. ಆ ಹಾಡುಗಳನ್ನು ಮರೆವಿನಿಂದ ಉಳಿಸಿ, ಗಾಯಕರ ಮೇಳಕ್ಕೆ ಕಲಿಸಿ, ಅರಸರ ಮುಂದೆಯೂ ಬಡವರ ಮುಂದೆಯೂ ಹಾಡಿಸಿದವರಲ್ಲಿ ಎಲಾ ಶೆಪರ್ಡ್ ಎಂಬಾಕೆಯು ಮುಖ್ಯಳಾಗಿದ್ದಳು. ಆಕೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುತ್ತೇವೆ.

೧. ಜನನವೂ ಬಾಲ್ಯವೂ

ಎಲಾಳು ೧೮೫೧ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಅಮೇರಿಕಾದ ಟೆನೆಸ್ಸಿ ಸಂಸ್ಥಾನದ ನ್ಯಾಶ್ವಿಲ್ ಪಟ್ಟಣದ ಬಳಿಯಲ್ಲಿ ಹುಟ್ಟಿದಳು. ತಂದೆಯ ಹೆಸರು ಸೈಮನ್, ತಾಯಿಯ ಹೆಸರು ಸೇರಾ. ಇಬ್ಬರೂ ದಾಸರು. ಆ ದೇಶದ ಅಂದಿನ ಕಾನೂನಿನ ಪ್ರಕಾರ ದಾಸಿಯ ಮಗುವು ಹುಟ್ಟಿದ ಗಳಿಗೆಯಿಂದಲೇ ಯಜಮಾನನ ಸೊತ್ತು. ದನಕರುಗಳಂತೆ ಅದನ್ನು ಮಾರಬಹುದು, ಸಾಲಕ್ಕೆ ಒತ್ತೆಯಿಡಬಹುದು. ಬೇಡವೆನ್ನುವ ಅಧಿಕಾರವು ಹೆತ್ತವರಿಗೆ ಇರಲಿಲ್ಲ.

ಎಲಾಳು ಸುಮಾರು ಮೂರು ವರುಷದ ಕೂಸಾಗಿದ್ದಾಗ ಯಜಮಾನಿಯು ಆಕೆಯನ್ನು ಮುದ್ದುಮಾಡಿ, ತಾಯಿಯು ಏನು ಮಾಡುತ್ತಾಳೆ, ಏನು ಮಾತಾಡುತ್ತಾಳೆ ಎಂಬದನ್ನು ತನಗೆ ಬಂದು ಹೇಳುವಂತೆ ಅಭ್ಯಾಸ ಮಾಡಿಸಿದಳು. ತನ್ನ ಹೊಟ್ಟೆಯ ಮಗುವನ್ನೇ ತನಗೆ ವಿರೋಧವಾಗಿ ಗೂಢಚಾರಳನ್ನಾಗಿ ಮಾಡುತ್ತಾರೆಂದು ತಿಳಿದಾಗ ಸೇರಾಳ ಎದೆಯೊಡೆಯಿತು. ಆಕೆಯು ಕೂಸನ್ನು ಎತ್ತಿಕೊಂಡು, ಇಬ್ಬರೂ ಒಟ್ಟಿಗೆ ಮುಳುಗಿ ಸಾಯುವದೇ ಲೇಸೆಂದು ಕಂಬರ್ಲೆಂಡ್ ನದಿಯ ಕಡೆಗೆ ಓಡಿದಳು. ದಾರಿಯಲ್ಲಿ ಮುದುಕಿಯಾದ ಒಬ್ಬ ದಾಸಿಯು ಆಕೆಯನ್ನು ತಡೆದು, ಈ ಮಗುವಿನಿಂದ ಕರ್ತನಿಗೆ ಕೆಲಸವಿದೆಯೆಂದೂ ಇದು ಮುಂದೆ ಅರಸರ ಮುಂದೆ ನಿಲ್ಲುವದೆಂದೂ ಹೇಳಿ ಹಿಂದಕ್ಕೆ ಕಳುಹಿಸಿದಳಂತೆ. ಈ ಸಂಗತಿಯನ್ನು ಎಲಾಳು ತನ್ನ ಜೀವಮಾನವೆಲ್ಲಾ ಹೇಳಿಕೊಳ್ಳುತ್ತಿದ್ದಳು.

ತಂದೆಯಾದ ಸೈಮನನು ತನ್ನ ಬಿಡುವಿನ ಹೊತ್ತಿನಲ್ಲಿ ಹೊರಗೆ ಕೂಲಿಮಾಡಿ ಕೂಡಿಸಿದ ಹಣದಿಂದ ೧,೮೦೦ ಡಾಲರುಗಳನ್ನು ಕೊಟ್ಟು ತನ್ನನ್ನು ತಾನೇ ಬಿಡಿಸಿಕೊಂಡಿದ್ದನು. ಆ ಮೇಲೆ ೩೫೦ ಡಾಲರುಗಳನ್ನು ಕೊಟ್ಟು ಮಗಳನ್ನು ಕೊಂಡುಕೊಂಡನು. ಹೆಂಡತಿಯನ್ನೂ ಬಿಡಿಸಬೇಕೆಂದು ಆತನು ಬಹಳ ಪ್ರಯತ್ನಪಟ್ಟರೂ ಯಜಮಾನಿಯು ಒಪ್ಪಲಿಲ್ಲ. ಸೇರಾಳನ್ನು ದೂರದ ಮಿಸಿಸಿಪ್ಪಿ ಸಂಸ್ಥಾನಕ್ಕೆ ಒಯ್ದರು. ಹೀಗೆ ತಾಯಿಯೂ ಮಗಳೂ ಅಗಲಿದರು.

ಸೈಮನನು ಕಾಲಾನಂತರ ಮತ್ತೊಬ್ಬ ದಾಸಿಯನ್ನು ಬಿಡಿಸಿ ಮದುವೆಯಾಗಿ, ಕುದುರೆಗಾಡಿಗಳ ವ್ಯಾಪಾರದಿಂದ ಜೀವಿಸುತ್ತಿದ್ದನು. ಆದರೆ ವ್ಯಾಪಾರದಲ್ಲಿ ನಷ್ಟವುಂಟಾಗಿ ಸಾಲಗಾರರು ಬಂದು ಮುತ್ತಿದರು. ಆಗ ಭಯಂಕರವಾದ ಒಂದು ಸಂಗತಿಯು ಆತನಿಗೆ ಗೊತ್ತಾಯಿತು. ಏನಂದರೆ, ಆತನು ಹಣಕೊಟ್ಟು ಕೊಂಡ ಹೆಂಡತಿಯೂ ಮಗಳೂ ಕಾನೂನಿನ ದೃಷ್ಟಿಯಲ್ಲಿ ಇನ್ನೂ ಆತನ ಸೊತ್ತೇ ಆಗಿದ್ದರು. ಸಾಲಕ್ಕಾಗಿ ಅವರನ್ನು ಹಿಡಿದು ಮಾರುವ ಸಂಭವವಿತ್ತು. ಆದಕಾರಣ ಆತನು ಎಲ್ಲವನ್ನೂ ಬಿಟ್ಟು, ದಾಸ್ಯವಿಲ್ಲದ ಓಹಾಯೋ ಸಂಸ್ಥಾನದ ಸಿನ್ಸಿನಾಟಿ ಪಟ್ಟಣಕ್ಕೆ ಅವರನ್ನು ಕರೆದುಕೊಂಡು ಓಡಿಹೋದನು.

೨. ಸಂಗೀತಾಭ್ಯಾಸ

ಸಿನ್ಸಿನಾಟಿಯಲ್ಲಿ ಎಲಾಳು ಶಾಲೆಗೆ ಹೋದಳು. ಮಗಳಿಗೆ ಸಂಗೀತದಲ್ಲಿದ್ದ ಆಸಕ್ತಿಯನ್ನು ಕಂಡು ತಂದೆಯು ಆಕೆಗೆ ಪಿಯಾನೋ ವಾದ್ಯವನ್ನು ಕೊಡಿಸಿದನು. ಅಷ್ಟರಲ್ಲಿ ೧೮೬೧ರಿಂದ ೧೮೬೫ರ ವರೆಗೆ ಅಮೇರಿಕಾದ ಬಡಗಣ ತೆಂಕಣ ಸಂಸ್ಥಾನಗಳೊಳಗೆ ಘೋರಯುದ್ಧವು ನಡೆದು, ೧೮೬೫ರ ಅಂತ್ಯದೊಳಗೆ ದಾಸ್ಯವು ಕಾನೂನಿನಿಂದ ರದ್ದಾಯಿತು. ಆದರೆ ಮರುವರುಷವೇ ಸೈಮನನು ವಾಂತಿಭ್ರಾಂತಿಯ ರೋಗದಿಂದ ಸತ್ತನು. ಸಾಲಕ್ಕಾಗಿ ಮನೆಯ ಸಾಮಾನುಗಳೊಂದಿಗೆ ಪಿಯಾನೋ ಕೂಡ ಹೋಯಿತು. ಹದಿನೈದು ವರುಷದ ಹುಡುಗಿಯು ಬಟ್ಟೆ ಒಗೆದು ಇಸ್ತ್ರಿಮಾಡಿಯೂ ಸಿಕ್ಕಿದ ಚಾಕರಿಯನ್ನು ಮಾಡಿಯೂ ಹೊಟ್ಟೆ ಹೊರೆಯಬೇಕಾಯಿತು.

ಒಬ್ಬ ಉಪಕಾರಿಯು ಆಕೆಯ ಸಂಗೀತಾಭ್ಯಾಸಕ್ಕೆ ಹಣಕೊಡಲು ಮುಂದೆ ಬಂದನು. ಆದರೆ ಕಲಿಸುವ ಬಿಳಿಯ ಉಪಾಧ್ಯಾಯಿನಿಯು ಒಂದು ನಿಬಂಧನೆಯನ್ನು ಹಾಕಿದಳು. ಎಲಾಳು ರಾತ್ರಿಯ ಹೊತ್ತಿನಲ್ಲಿ ಹಿತ್ತಲ ಬಾಗಿಲಿನಿಂದ ಬರಬೇಕು; ಕರಿಯ ಬಣ್ಣದ ಹುಡುಗಿಗೆ ಕಲಿಸುತ್ತಾಳೆಂಬ ಸುದ್ದಿಯು ಹೊರಗೆ ಹೋಗಬಾರದು. ಎಲಾಳು ಈ ಅವಮಾನವನ್ನು ನುಂಗಿಕೊಂಡು ಹಿಂಬದಿಯ ಮೆಟ್ಟಲುಗಳನ್ನು ಹತ್ತಿ ಕಲಿತಳು. ಪಾಠಗಳು ಕೆಲವೇ, ಆದರೆ ಕಲಿತದ್ದನ್ನು ಆಕೆಯು ವ್ಯರ್ಥಮಾಡಲಿಲ್ಲ. ಆ ಮೇಲೆ ಟೆನೆಸ್ಸಿಯ ಗ್ಯಾಲಟಿನ್ ಎಂಬ ಊರಿಗೆ ಹೋಗಿ, ಬಿಡುಗಡೆ ಹೊಂದಿದ ದಾಸರ ಮಕ್ಕಳಿಗೆ ಪಾಠ ಹೇಳಿದಳು. ಹಲವು ತಿಂಗಳು ದುಡಿದ ಮೇಲೆ ಆಕೆಯ ಕೈಯಲ್ಲಿ ಉಳಿದದ್ದು ಆರು ಡಾಲರು ಮಾತ್ರ.

೩. ಫಿಸ್ಕ್ ಶಾಲೆ

ನ್ಯಾಶ್ವಿಲ್ ಪಟ್ಟಣದಲ್ಲಿ ಅಮೇರಿಕನ್ ಮಿಶನೆರಿ ಎಸೋಸಿಯೇಶನ್ ಎಂಬ ಸಂಘದವರು ೧೮೬೬ರ ಜನವರಿಯಲ್ಲಿ, ಬಿಡುಗಡೆಯಾದ ದಾಸರಿಗೋಸ್ಕರ ಫಿಸ್ಕ್ ಎಂಬ ಶಾಲೆಯನ್ನು ತೆರೆದಿದ್ದರು. ಯುದ್ಧಕಾಲದಲ್ಲಿ ಗಾಯಪಟ್ಟ ಸಿಪಾಯಿಗಳಿಗಾಗಿ ಕಟ್ಟಿದ ಮರದ ಕೊಟ್ಟಿಗೆಗಳೇ ಅದರ ಕಟ್ಟಡಗಳು. ಅದೇ ಊರಿನಲ್ಲಿ ದಾಸರನ್ನು ಮಾರುತ್ತಿದ್ದ ಸ್ಥಳದಲ್ಲಿ ತುಕ್ಕುಹಿಡಿದು ಬಿದ್ದಿದ್ದ ಕೈಕೋಳಗಳನ್ನು ಹಳೇ ಕಬ್ಬಿಣವಾಗಿ ಮಾರಿ, ಬಂದ ಹಣದಿಂದ ಶಾಲೆಯವರು ಹೊಸ ಒಡಂಬಡಿಕೆಗಳನ್ನೂ ಅಕ್ಷರಪುಸ್ತಕಗಳನ್ನೂ ಕೊಂಡರು. ಸಂಕೋಲೆಯಿಂದ ಸತ್ಯವೇದವು ಹುಟ್ಟಿತೆಂದು ಹೇಳಬಹುದು.

೧೮೬೮ರಲ್ಲಿ ಎಲಾಳು ತನ್ನ ಆರು ಡಾಲರುಗಳೊಂದಿಗೆ ಈ ಶಾಲೆಗೆ ಬಂದಳು. ಆ ಹಣವು ಮೂರು ವಾರಗಳ ಊಟಕ್ಕೆ ಸಾಲುವಷ್ಟಿತ್ತು. ಆದರೂ ಆಕೆಯು ಹಿಂದಿರುಗಲಿಲ್ಲ. ಊಟದ ಮನೆಯಲ್ಲಿ ಬಡಿಸಿಯೂ ಪಾತ್ರೆಗಳನ್ನು ತೊಳೆದೂ ಸಂಗೀತ ಕಲಿಸಿಯೂ ಕಲಿತಳು. ಕಾಲಕ್ರಮೇಣ ಶಾಲೆಯವರು ಆಕೆಯನ್ನು ಸಂಗೀತದ ಉಪಾಧ್ಯಾಯಿನಿಯಾಗಿ ನೇಮಿಸಿದರು. ಫಿಸ್ಕ್ ಶಾಲೆಯ ಉಪಾಧ್ಯಾಯರಲ್ಲಿ ಕರಿಯ ಜನಾಂಗದವರೊಳಗೆ ಆಕೆಯೇ ಮೊದಲನೆಯವಳು.

ಶಾಲೆಯ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದ ಜಾರ್ಜ್ ವೈಟ್ ಅಯ್ಯನವರು ಹಾಡುವದರಲ್ಲಿಯೂ ಕಲಿಸುವದರಲ್ಲಿಯೂ ಪ್ರೀತಿಯುಳ್ಳವರು. ಅವರು ಇಂಪಾದ ಸ್ವರವುಳ್ಳ ವಿದ್ಯಾರ್ಥಿಗಳನ್ನು ಆರಿಸಿ ಒಂದು ಗಾಯಕ ಮೇಳವನ್ನು ಕಟ್ಟಿದರು. ಎಲಾಳು ಪಿಯಾನೋ ಬಾರಿಸುವವಳೂ ವೈಟ್ ಅಯ್ಯನವರಿಗೆ ಸಹಾಯಕ ನಾಯಕಿಯೂ ಆದಳು.

೪. ಬಚ್ಚಿಟ್ಟ ಹಾಡುಗಳು

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಈ ಮೇಳವು ಮೊದಮೊದಲು ಜನರ ಮುಂದೆ ಹಾಡಿದ್ದು ಬಿಳಿಯರ ಹಾಡುಗಳನ್ನೇ. ತಮ್ಮ ತಂದೆತಾಯಿಗಳು ಹೊಲದಲ್ಲಿಯೂ ರಾತ್ರಿಯ ಗುಪ್ತಕೂಟಗಳಲ್ಲಿಯೂ ಹಾಡಿದ ಹಾಡುಗಳನ್ನು ಹೊರಗೆ ಹಾಡಲು ಆ ಯೌವನಸ್ಥರಿಗೆ ಮನಸ್ಸಿರಲಿಲ್ಲ. ಅದಕ್ಕೆ ಎರಡು ಕಾರಣಗಳಿದ್ದವು. ಒಂದು, ಆ ಹಾಡುಗಳು ದಾಸ್ಯವನ್ನು ನೆನಪಿಗೆ ತರುತ್ತಿದ್ದವು. ಚಾಟಿಯ ಕಾಲವನ್ನು ಮರೆಯಬೇಕೆಂದಿದ್ದವರಿಗೆ ಅವು ನಾಚಿಕೆಯನ್ನು ಹುಟ್ಟಿಸುತ್ತಿದ್ದವು. ಎರಡು, ಹಿರಿಯರಿಗೆ ಅವು ಪರಿಶುದ್ಧವಾದ ಆರಾಧನೆಯ ಹಾಡುಗಳು. ಅವುಗಳನ್ನು ನಗುವವರ ಮುಂದೆ ಹಾಡುವದು ಅಪವಿತ್ರಮಾಡಿದಂತೆ ಎಂದೆಣಿಸಿದ್ದರು. ಅದಲ್ಲದೆ ಬಿಳಿಯ ವಿನೋದಗಾರರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರ ಹಾಡುಗಳನ್ನು ಹಾಸ್ಯಮಾಡುವ ಆಟಗಳು ಆಗ ಆ ದೇಶದಲ್ಲೆಲ್ಲಾ ನಡೆಯುತ್ತಿದ್ದವು.

ಆದರೂ ವೈಟ್ ಅಯ್ಯನವರ ಮನೆಯಲ್ಲಿ, ಕುರ್ಚಿಗಳು ಸಾಲದ್ದರಿಂದ ನೆಲದ ಮೇಲೆ ಕುಳಿತು, ಅವರು ಒಬ್ಬರಿಂದೊಬ್ಬರು ಆ ಹಾಡುಗಳನ್ನು ಮೆಲ್ಲನೆ ಕಲಿತರು. ಒಬ್ಬನು ತನ್ನ ಅಜ್ಜಿಯಿಂದ ಕೇಳಿದ್ದನ್ನು ತಂದರೆ ಇನ್ನೊಬ್ಬಳು ತನ್ನ ತಾಯಿಯಿಂದ ಕೇಳಿದ್ದನ್ನು ತಂದಳು. ಎಲಾಳು ಹೀಗೆ ನೂರರಷ್ಟು ಹಾಡುಗಳನ್ನು ಕೂಡಿಸಿ, ಮೇಳಕ್ಕೆ ಹೊಂದುವಂತೆ ಸ್ವರಗಳನ್ನು ಜೋಡಿಸುವದರಲ್ಲಿ ಬಹಳ ಶ್ರಮಪಟ್ಟಳು. ಅವರ ಹಾಡಿಕೆಯಲ್ಲಿ ಕೂಗಾಟವಿರಲಿಲ್ಲ. ಕಿವಿಗೊಟ್ಟರೆ ಮಾತ್ರ ಕೇಳಿಸುವಷ್ಟು ಮೃದುವಾದ ಸ್ವರದಲ್ಲಿ, ಅನೇಕರ ಬಾಯಿಯು ಒಂದೇ ಬಾಯಿಯೋ ಎಂಬಂತೆ ಹಾಡುವ ಹಾಗೆ ಅಭ್ಯಾಸ ಮಾಡಿದರು.

೫. ಮೊದಲನೆಯ ಸಂಚಾರ

೧೮೭೧ರಲ್ಲಿ ಫಿಸ್ಕ್ ಶಾಲೆಯು ಸಾಲದಲ್ಲಿ ಮುಳುಗಿತ್ತು. ಕೊಟ್ಟಿಗೆಗಳು ಕೊಳೆತಿದ್ದವು, ಚಳಿಗಾಲದಲ್ಲಿ ವಿದ್ಯಾರ್ಥಿಗಳಿಗೆ ಹೊದಿಕೆಯೂ ಸಾಲದು. ಸಂಘದವರು ಶಾಲೆಯನ್ನು ಮುಚ್ಚುವ ಯೋಚನೆಯಲ್ಲಿದ್ದರು. ಆಗ ವೈಟ್ ಅಯ್ಯನವರು, ಮೇಳವನ್ನು ಬಡಗಣ ಸಂಸ್ಥಾನಗಳಿಗೆ ಒಯ್ದು ಹಾಡಿಸಿ ಹಣ ಕೂಡಿಸಬೇಕೆಂದು ನಿಶ್ಚಯಿಸಿದರು. ಅನೇಕರು ಇದನ್ನು ಹುಚ್ಚುತನವೆಂದರು. ಆದರೂ ೧೮೭೧ನೆಯ ಅಕ್ಟೋಬರ ೬ರಂದು ಒಂಬತ್ತು ಮಂದಿ ಗಾಯಕರ ಚಿಕ್ಕ ಮೇಳವು ಹೊರಟಿತು. ಅವರಲ್ಲಿ ಹೆಚ್ಚಿನವರು ದಾಸ್ಯದಲ್ಲಿ ಹುಟ್ಟಿದವರು. ಎಲಾಳಿಗೆ ಆಗ ಇಪ್ಪತ್ತು ವರುಷ.

ಮೊದಲಿನ ವಾರಗಳು ಬಹು ಕಷ್ಟದವುಗಳಾಗಿದ್ದವು. ಛತ್ರಗಳಲ್ಲಿ ಅವರಿಗೆ ಸ್ಥಳ ಕೊಡಲಿಲ್ಲ. ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಅಲೆದು ಅವರು ಎಷ್ಟೋ ರಾತ್ರಿಗಳನ್ನು ಕಳೆದರು. ಚಳಿಗೆ ತಕ್ಕ ಬಟ್ಟೆಗಳಿರಲಿಲ್ಲ. ಇಷ್ಟರಲ್ಲಿ ಶಿಕಾಗೋ ಪಟ್ಟಣವು ದೊಡ್ಡ ಬೆಂಕಿಯಿಂದ ಸುಟ್ಟುಹೋದ ಸುದ್ದಿಯು ಬಂತು. ತಮಗೇ ಊಟಕ್ಕಿಲ್ಲದ ಈ ಗಾಯಕರು ತಮ್ಮ ಒಂದು ಕೂಟದಲ್ಲಿ ಬಂದ ಅಲ್ಪ ಹಣವನ್ನೆಲ್ಲಾ ಆ ಪಟ್ಟಣದ ನಿರಾಶ್ರಿತರಿಗೆ ಕೊಟ್ಟುಬಿಟ್ಟರು. ವಿಧವೆಯ ಎರಡು ಕಾಸಿನ ಕಾಣಿಕೆಯು ಇಂಥದ್ದೇ ಅಲ್ಲವೇ?

ಓಹಾಯೋದ ಕೊಲಂಬಸ್ ಪಟ್ಟಣದಲ್ಲಿ ಧೈರ್ಯಗೆಟ್ಟು, ಹಿಂದಿರುಗುವದೋ ಮುಂದರಿಯುವದೋ ಎಂದು ಅವರು ಪ್ರಾರ್ಥಿಸಿದರು. ವೈಟ್ ಅಯ್ಯನವರು ರಾತ್ರಿಯೆಲ್ಲಾ ಪ್ರಾರ್ಥನೆಯಲ್ಲಿ ಕಳೆದು, ಬೆಳಿಗ್ಗೆ ಮೇಳಕ್ಕೆ ಜೂಬಿಲಿ ಗಾಯಕರು ಎಂಬ ಹೆಸರನ್ನಿಟ್ಟರು. ಯಾಜಕಕಾಂಡದ ೨೫ನೆಯ ಅಧ್ಯಾಯದಲ್ಲಿ ಹೇಳಿರುವ ಐವತ್ತನೆಯ ವರುಷವೇ ಜೂಬಿಲಿ ವರುಷ. ಅದರಲ್ಲಿ ದಾಸರೆಲ್ಲರೂ ಬಿಡುಗಡೆ ಹೊಂದಿ ತಮ್ಮ ತಮ್ಮ ಸ್ವಾಸ್ತ್ಯಕ್ಕೆ ತಿರುಗಿಹೋಗಬೇಕೆಂಬದು ದೇವರ ಆಜ್ಞೆ. ದಾಸರ ಮಕ್ಕಳಿಗೆ ಇದಕ್ಕಿಂತ ತಕ್ಕ ಹೆಸರು ಬೇರೆ ಇಲ್ಲ.

ನವೆಂಬರ ತಿಂಗಳಲ್ಲಿ ಓಬರ್ಲಿನ್ ಎಂಬಲ್ಲಿ ಕೊಂಗ್ರಿಗೇಶನಲ್ ಸಭೆಗಳ ದೊಡ್ಡ ಕೂಟವು ನಡೆಯುತ್ತಿತ್ತು. ಅಲ್ಲಿ ಗಾಯಕರು ತಮ್ಮ ತಾಯಿತಂದೆಗಳ ಹಾಡುಗಳನ್ನು ಹಾಡಿದರು. ಗದ್ದಲದಿಂದಿದ್ದ ಸಭೆಯು ನಿಶ್ಶಬ್ದವಾಯಿತು. ಅನೇಕ ಬೋಧಕರು ಕಣ್ಣೀರಿಟ್ಟರು. ಅಂದಿನಿಂದ ಕಾರ್ಯವು ತಿರುಗಿತು. ಡಿಸೆಂಬರದಲ್ಲಿ ಬ್ರೂಕ್ಲಿನ್ ಪಟ್ಟಣದ ಪ್ರಸಿದ್ಧ ಬೋಧಕರಾದ ಹೆನ್ರಿ ವಾರ್ಡ್ ಬೀಚರ್ ಅವರು ತಮ್ಮ ಸಭೆಯಲ್ಲಿ ಇವರನ್ನು ಹಾಡಿಸಿದರು. ೧೮೭೨ರಲ್ಲಿ ಅಧ್ಯಕ್ಷರಾದ ಗ್ರ್ಯಾಂಟ್ ಅವರ ಮುಂದೆಯೂ ಹಾಡಿದರು. ಜನರು ಬಿಳಿಯರ ಹಾಡುಗಳನ್ನಲ್ಲ, ಯಾವವುಗಳಿಗಾಗಿ ಇವರು ನಾಚಿಕೊಂಡಿದ್ದರೋ ಆ ದಾಸ್ಯದ ಹಾಡುಗಳನ್ನೇ ಕೇಳಲು ಬಂದರು. ಮೊದಲನೆಯ ಸಂಚಾರವು ಮುಗಿದಾಗ ೨೦,೦೦೦ ಡಾಲರು ಕೂಡಿತ್ತು. ಶಾಲೆಯವರು ಸಾಲ ತೀರಿಸಿ, ಯುದ್ಧಕಾಲದ ಒಂದು ಕೋಟೆಯಿದ್ದ ೨೫ ಎಕರೆ ಗುಡ್ಡವನ್ನು ಹೊಸ ಶಾಲೆಗಾಗಿ ಕೊಂಡರು.

೬. ಅರಸರ ಮುಂದೆ

೧೮೭೩ರಲ್ಲಿ ಮೇಳವು ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಯಿತು. ವಿಕ್ಟೋರಿಯಾ ರಾಣಿಯವರು ಅವರ ಹಾಡುಗಳನ್ನು ಕೇಳಿದರು. ಮುಖ್ಯಮಂತ್ರಿಗಳಾದ ಗ್ಲ್ಯಾಡ್‌ಸ್ಟನ್ ಅವರು ಅವರನ್ನು ಮನೆಗೆ ಕರೆದು ಸತ್ಕರಿಸಿದರು. ನದಿಯ ದಾರಿಯಲ್ಲಿ ಆ ಮುದುಕಿಯು ಹೇಳಿದ ಮಾತು ಹೀಗೆ ನೆರವೇರಿತೆಂದು ಎಲಾಳು ಮನಸ್ಸಿನಲ್ಲಿ ದೇವರನ್ನು ಸ್ತುತಿಸಿದಳು. ಆದರೆ ಮೇಳದವರು ಅರಸರ ಮನೆಗಳಲ್ಲಿ ಮಾತ್ರ ಹಾಡಿದರೆಂದು ತಿಳಿಯಬೇಡಿರಿ. ಆಸ್ಪತ್ರೆಗಳಲ್ಲಿಯೂ ಸೆರೆಮನೆಗಳಲ್ಲಿಯೂ ಬಡಮಕ್ಕಳ ಶಾಲೆಗಳಲ್ಲಿಯೂ ಹಾಡಿದರು. ಮೂಡಿ ಮತ್ತು ಸ್ಯಾಂಕಿ ಎಂಬ ಪ್ರಸಿದ್ಧ ಸೇವಕರ ಸುವಾರ್ತಾಕೂಟಗಳಲ್ಲಿ ಸಾವಿರಾರು ಜನರ ಮುಂದೆಯೂ ಹಾಡಿದರು. ಆ ಸಂಚಾರದಿಂದ ಸುಮಾರು ೫೦,೦೦೦ ಡಾಲರು ಬಂತು. ಅದರಿಂದ ಕಟ್ಟಿದ ಜೂಬಿಲಿ ಹಾಲ್ ಎಂಬ ದೊಡ್ಡ ಕಟ್ಟಡವು ೧೮೭೬ರ ಜನವರಿ ೧ರಂದು ಪ್ರತಿಷ್ಠೆಯಾಯಿತು. ಅದು ಈಗಲೂ ನಿಂತಿದೆ.

ಈ ಫಲಕ್ಕೆ ಕೊಟ್ಟ ಬೆಲೆಯೂ ಸಣ್ಣದಲ್ಲ. ೧೮೭೪ರಲ್ಲಿ ವೈಟ್ ಅಯ್ಯನವರ ಪತ್ನಿಯು ಸ್ಕಾಟ್ಲೆಂಡಿನಲ್ಲಿ ಜ್ವರದಿಂದ ತೀರಿಕೊಂಡಳು. ಅಯ್ಯನವರ ಶರೀರವೂ ಗಾಯಕರಲ್ಲಿ ಹಲವರ ಶರೀರವೂ ಬಲಹೀನವಾಯಿತು. ಎಲಾಳು ತಾನೂ ಪದೇಪದೇ ರೋಗದಲ್ಲಿ ಬೀಳುತ್ತಿದ್ದರೂ, ಅಯ್ಯನವರು ಹಾಸಿಗೆ ಹಿಡಿದಾಗ ಮೇಳದ ಅಭ್ಯಾಸವನ್ನೂ ವೇದಿಕೆಯ ಮೇಲಿನ ಹಾಡಿಕೆಯನ್ನೂ ತಾನೇ ನಡಿಸುತ್ತಿದ್ದಳು. ಅಲ್ಲದೆ ಕಿರಿಯ ಗಾಯಕರಿಗೆ ಅಕ್ಕನಂತಿದ್ದು ಅವರ ಜಗಳಗಳನ್ನು ತೀರಿಸುತ್ತಿದ್ದಳು. ಹಾಲೆಂಡ್, ಜರ್ಮನಿ ದೇಶಗಳಲ್ಲಿ ಸಂಚರಿಸಿದ ಮೇಲೆ ೧೮೭೮ರಲ್ಲಿ ಹ್ಯಾಂಬುರ್ಗ್ ಪಟ್ಟಣದಲ್ಲಿ ಮೇಳವು ಚದರಿತು. ಏಳು ವರುಷಗಳಲ್ಲಿ ಅವರು ಶಾಲೆಗಾಗಿ ಕೂಡಿಸಿದ್ದು ಸುಮಾರು ೧,೫೦,೦೦೦ ಡಾಲರು. ಆ ಮೇಲೆ ವೈಟ್ ಅಯ್ಯನವರು ಪುನಃ ಮೇಳ ಕಟ್ಟಿದಾಗ ಎಲಾಳು ಅದರಲ್ಲಿಯೂ ಅವರಿಗೆ ಸಹಾಯಕಳಾಗಿ ೧೮೮೨ರ ವರೆಗೆ ಸೇವೆ ಮಾಡಿದಳು.

೭. ಕೊನೆಯ ವರುಷಗಳು

ತನ್ನ ಸಂಪಾದನೆಯಿಂದ ಎಲಾಳು ನ್ಯಾಶ್ವಿಲಿನಲ್ಲಿ ಒಂದು ಮನೆಯನ್ನು ಮಾಡಿ, ಬಾಲ್ಯದಲ್ಲಿ ಅಗಲಿದ್ದ ತಾಯಿಯನ್ನೂ ತಾಯಿಯ ಇನ್ನೊಬ್ಬ ಮಗಳನ್ನೂ ತನ್ನ ಬಳಿಯಲ್ಲಿಟ್ಟುಕೊಂಡಳು. ಒಮ್ಮೆ ಮಗಳನ್ನೆತ್ತಿಕೊಂಡು ಸಾಯಲು ಓಡಿದ್ದ ಸೇರಾಳು ಆ ಮಗಳ ಮನೆಯಲ್ಲಿ ಸಮಾಧಾನದಿಂದ ಮುಪ್ಪನ್ನು ಕಳೆದಳು.

೧೮೮೨ರಲ್ಲಿ ಎಲಾಳು ಜಾರ್ಜ್ ಮೂರ್ ಎಂಬ ಬೋಧಕರನ್ನು ಮದುವೆಯಾದಳು. ಮೂರ್ ಅಮ್ಮನವರು ಕೆಲವು ವರುಷ ವಾಶಿಂಗ್ಟನ್ ಪಟ್ಟಣದ ಬಡಜನರೊಳಗೆ ಪತಿಯೊಂದಿಗೆ ಸೇವೆ ಮಾಡಿ, ಮದ್ಯಪಾನಕ್ಕೆ ವಿರೋಧವಾಗಿ ಶ್ರಮಿಸಿದರು. ಆ ಮೇಲೆ ನ್ಯಾಶ್ವಿಲಿಗೆ ಹಿಂದಿರುಗಿ ಟೆನೆಸ್ಸಿಯ ಸ್ತ್ರೀಯರ ಮಿಶನ್ ಸಂಘಕ್ಕೆ ಅಧ್ಯಕ್ಷೆಯಾದರು. ಫಿಸ್ಕ್ ಶಾಲೆಯಲ್ಲಿ ಹೊಸ ತಲೆಯವರಿಗೆ ಹಳೇ ಹಾಡುಗಳನ್ನು ಕಲಿಸಿ ಮೇಳಗಳನ್ನು ತರಬೇತು ಮಾಡಿದರು. ಓದು ಬಲ್ಲ ಯೌವನಸ್ಥರು ಮತ್ತೆ ಆ ಹಾಡುಗಳಿಗೆ ನಾಚಿಕೊಳ್ಳಲಾರಂಭಿಸಿದ್ದರು. ಅವುಗಳ ಅರ್ಥವನ್ನೂ ಬೆಲೆಯನ್ನೂ ಅಮ್ಮನವರು ತಾಳ್ಮೆಯಿಂದ ತಿಳಿಸಬೇಕಾಯಿತು. ಅವರ ಕೆಲಸವನ್ನು ಜಾನ್ ವರ್ಕ್ ಎಂಬ ಉಪಾಧ್ಯಾಯರು ಮುಂದುವರಿಸಿ ಹಾಡುಗಳನ್ನು ಪುಸ್ತಕವಾಗಿ ಅಚ್ಚುಹಾಕಿಸಿದರು.

೧೯೧೪ರಲ್ಲಿ ಮೂರ್ ಅಮ್ಮನವರು ನ್ಯಾಶ್ವಿಲಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಅವರು ಬಿತ್ತಿದ ಬೀಜವು ಬೆಳೆಯುತ್ತಲೇ ಬಂತು. ಶಿಕಾಗೋದಲ್ಲಿ ತಾಮಸ್ ಡಾರ್ಸಿ ಎಂಬವರು ೧೯೩೦ರ ನಂತರ ಸಭೆಗಳಲ್ಲಿ ಸುವಾರ್ತಾಗಾಯಕರ ಮೇಳಗಳನ್ನು ಏರ್ಪಡಿಸಿದಾಗ ಅವರ ಬೆನ್ನ ಹಿಂದೆ ಈ ಹಳೇ ಹಾಡುಗಳಿದ್ದವು. ಫಿಸ್ಕ್ ವಿದ್ಯಾಲಯದಲ್ಲಿ ಜೂಬಿಲಿ ಗಾಯಕರ ಮೇಳವು ಇಂದಿಗೂ ಇದೆ. ಮೊದಲನೆಯ ಮೇಳವು ಹೊರಟ ಅಕ್ಟೋಬರ ೬ನ್ನು ಅಲ್ಲಿಯವರು ಪ್ರತಿವರುಷವೂ ಆಚರಿಸುತ್ತಾರೆ. ೨೦೨೧ರಲ್ಲಿ ಆ ಮೇಳಕ್ಕೆ ಗ್ರ್ಯಾಮಿ ಎಂಬ ಪ್ರಸಿದ್ಧ ಸಂಗೀತ ಬಹುಮಾನವು ದೊರೆಯಿತು.

೮. ನಮಗಿರುವ ಪಾಠ

ಪ್ರಿಯರೇ, ಈ ಚರಿತ್ರೆಯಿಂದ ನಾವು ಏನು ಕಲಿಯಬಹುದು? ಹಳ್ಳಿಯ ಸಭೆಗಳವರು ತಮ್ಮಲ್ಲಿ ಹಣವಿಲ್ಲ, ವಿದ್ಯೆಯಿಲ್ಲ, ದೊಡ್ಡವರ ಬಲವಿಲ್ಲ ಎಂದು ಎಷ್ಟೋ ಸಾರಿ ಹೇಳಿಕೊಳ್ಳುತ್ತಾರೆ. ಆ ಒಂಬತ್ತು ಮಂದಿಯಲ್ಲಿಯೂ ಇವು ಯಾವವೂ ಇರಲಿಲ್ಲ. ಇದ್ದದ್ದು ತಮ್ಮ ಹಿರಿಯರ ಹಾಡು ಮಾತ್ರ. ಅದನ್ನೂ ಅವರು ನಾಚಿಕೆಯಿಂದ ಬಚ್ಚಿಟ್ಟಿದ್ದರು. ಬಚ್ಚಿಟ್ಟದ್ದನ್ನು ದೇವರ ಮುಂದೆ ತಂದಾಗಲೇ ಅದು ಒಂದು ಶಾಲೆಯನ್ನು ಉಳಿಸಿತು, ಒಂದು ಜನಾಂಗದ ತಲೆಯನ್ನು ಎತ್ತಿತು.

ನಮ್ಮ ನಾಡಿನಲ್ಲಿಯೂ ಹಾಡಿನ ಸಂಪತ್ತು ಕಡಿಮೆಯಲ್ಲ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಓದುಬರಹವಿಲ್ಲದ ಹಾಲಕ್ಕಿ ಹೆಣ್ಣುಮಗಳು. ತಮ್ಮ ಜನರ ಹಾಡುಗಳನ್ನು ನೂರಾರು ಸಂಖ್ಯೆಯಲ್ಲಿ ನೆನಪಿನಲ್ಲಿಟ್ಟುಕೊಂಡು, ಸಾರಾಯಿಗೆ ವಿರೋಧವಾಗಿಯೂ ಹೋರಾಡಿ, ೨೦೧೭ರಲ್ಲಿ ಪದ್ಮಶ್ರೀ ಮರ್ಯಾದೆಯನ್ನು ಹೊಂದಿ, ೨೦೨೫ರಲ್ಲಿ ತೀರಿಕೊಂಡರು. ಸಭೆಯೊಳಗಿನ ಕೆಲಸಕ್ಕೂ ಮಾದರಿಯಿದೆ. ಬಾಸೆಲ್ ಮಿಶನಿನ ಕಿಟೆಲ್ ಅಯ್ಯನವರು ೧೮೬೨ರಲ್ಲಿಯೇ ಕ್ರಿಸ್ತನ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿ ಹಾಡುವಂತೆ ಕಥಾಮಾಲೆ ಎಂಬ ಹೆಸರಿನಿಂದ ಬರೆದರು. ಪರದೇಶದಿಂದ ಬಂದ ರಾಗಗಳು ನಮಗೆ ಪ್ರಿಯವಾದವುಗಳೇ. ಅವುಗಳನ್ನು ಬಿಡಬೇಕೆಂದು ನಾವು ಹೇಳುವದಿಲ್ಲ. ಆದರೆ ನಮ್ಮ ತಾಯಂದಿರು ನಾಟಿಯ ಗದ್ದೆಯಲ್ಲಿಯೂ ಬೀಸುವ ಕಲ್ಲಿನ ಮುಂದೆಯೂ ಹಾಡಿದ ಧಾಟಿಗಳು ಕರ್ತನ ಸ್ತುತಿಗೆ ಅಯೋಗ್ಯವೆಂದು ಯಾರು ಹೇಳಿದರು?

ನಿಮ್ಮ ಸಭೆಯಲ್ಲಿ ಮ‌ುಪ್ಪಿನವರಿದ್ದರೆ ಅವರ ಬಳಿಗೆ ಹೋಗಿ ಕುಳಿತುಕೊಳ್ಳಿರಿ. ಕುರ್ಚಿಯಿಲ್ಲದಿದ್ದರೆ ನೆಲವು ಸಾಕು. ಅವರು ಬಲ್ಲ ಹಾಡುಗಳನ್ನು ಅವರ ಬಾಯಿಂದ ಕೇಳಿ ಬರೆದುಕೊಳ್ಳಿರಿ, ಮಕ್ಕಳಿಗೆ ಕಲಿಸಿರಿ. ಆ ಮುದುಕರು ತೀರಿಹೋದ ಮೇಲೆ ಯಾವ ಪುಸ್ತಕದಲ್ಲಿಯೂ ಅವು ನಿಮಗೆ ಸಿಕ್ಕಲಾರವು.